ಕರ್ನಲ್ ಗಡಿಯಾರ ತಪ್ಪಿದರೆ: ಮೊದಲು ತಪ್ಪಿನ ಅಳತೆ, ಆಮೇಲೆ ಪ್ಯಾಚ್

ಲಿನಕ್ಸ್‌ನ ತಿರುಳಾದ ಕರ್ನಲ್‌ನ ಸಮಯದ ಕೋಡ್‌ಗೆ ಒಂದು ಪ್ಯಾಚ್ (ಕೋಡ್ ತಿದ್ದುಪಡಿ) ಬಂತು ಅಂದರೆ ಹೆಚ್ಚಿನವರು ನೇರ ಡಿಫ್ ತೆರೆಯುತ್ತಾರೆ. ತೆಗೆದ ಸಾಲು ಯಾವುದು, ಸೇರಿಸಿದ ಸಾಲು ಯಾವುದು ಎಂದು ನೋಡುತ್ತಾರೆ. ಬೇರೆ ಕೋಡ್‌ಗೆ ಅಷ್ಟು ಸಾಕಾಗಬಹುದು. ಸಮಯದ ಕೋಡ್‌ಗೆ ಸಾಲದು. ಇಲ್ಲಿ ತಪ್ಪಿರುವ ಸಾಲು ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಕಂಪೈಲ್ ಆಗುತ್ತದೆ. ಮೇಜಿನ ಮೇಲೆ ಇಡೀ ದಿನ ಓಡುತ್ತದೆ. ಬೋರ್ಡ್ ಒಮ್ಮೆ ನಿದ್ದೆಗೆ (ಸಸ್ಪೆಂಡ್) ಹೋಗಿ ಎದ್ದಾಗ, ಅಥವಾ ನೆಟ್‌ವರ್ಕ್ ಸಿಕ್ಕಿ ಗಡಿಯಾರ ತಿದ್ದಿಕೊಂಡಾಗ ಮಾತ್ರ ಬಣ್ಣ ಬಯಲಾಗುತ್ತದೆ.

ಹಾಗಾಗಿ ನಾನು ಹಿಡಿಯುವ ಕ್ರಮ ಬೇರೆ. ಗಡಿಯಾರ ಎಷ್ಟು ತಪ್ಪಿದೆ, ಯಾವಾಗ ತಪ್ಪಿದೆ ಎನ್ನುವುದನ್ನು ಮೊದಲು ಅಳೆಯುತ್ತೇನೆ. ಸಮಯದ ದೋಷಗಳಿಗೆ ಒಂದು ಒಳ್ಳೆಯ ಗುಣ ಇದೆ. ಪ್ರತಿ ದೋಷವೂ ತನ್ನದೇ ಒಂದು ಸಂಖ್ಯೆ ಬಿಟ್ಟು ಹೋಗುತ್ತದೆ. ಆ ಸಂಖ್ಯೆ ಕೈಗೆ ಸಿಕ್ಕರೆ ಸಾವಿರಾರು ಸಾಲಿನ ಕಡತದಲ್ಲಿ ಯಾವ ಹತ್ತು ಸಾಲು ನೋಡಬೇಕು ಅನ್ನುವುದು ಗೊತ್ತಾಗುತ್ತದೆ. ಈ ಬರಹ ಪೂರ್ತಿ ಅದರ ಬಗ್ಗೆಯೇ.

ದಾವಣಗೆರೆಯಲ್ಲಿ ನಾವು ಮಾಡುವುದು ಬೋರ್‌ವೆಲ್ ಮೋಟರ್‌ಗೆ ಹಾಕುವ ಲಾಗರ್. ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ತೋಟ, ಜಗಳೂರು ಕಡೆಯ ಹೊಲ, ಇಂಥ ಕಡೆ ಸ್ಟಾರ್ಟರ್ ಪಕ್ಕದ ಗೋಡೆಗೆ ಒಂದು ಡಬ್ಬಿ. ತ್ರೀ ಫೇಸ್ ಕರೆಂಟ್ ಬಂದಾಗ ಮೋಟರ್ ಶುರುವಾಗುತ್ತದೆ, ಹೋದಾಗ ನಿಲ್ಲುತ್ತದೆ. ಎಷ್ಟು ಹೊತ್ತು ಓಡಿತು ಅಂತ ಡಬ್ಬಿ ಬರೆದಿಡುತ್ತದೆ. ಒಳಗೆ 24 ಮೆಗಾಹರ್ಟ್ಜ್ ಕೌಂಟರ್ (ಸೆಕೆಂಡಿಗೆ 2.4 ಕೋಟಿ ಟಿಕ್ ಎಣಿಸುವ ಭಾಗ) ಇರುವ ಆರ್ಮ್ ಬೋರ್ಡ್, ಒಂದು ಚಿಕ್ಕ ಬ್ಯಾಟರಿ, ಲಿನಕ್ಸ್. ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು, ಹುಡುಗಿಯರು ಬಂದು ನಮ್ಮ ಜೊತೆ ಪ್ಯಾಚ್ ಓದುತ್ತಾರೆ. ಕೆಳಗಿನ ಉದಾಹರಣೆಗಳು ಆ ಕೆಲಸದಿಂದ ಬಂದವು.

ಸಂಖ್ಯೆ ಓದುವುದು

ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ ಅಥವಾ ಮುಂದೆ ಇದ್ದರೆ ಕರ್ನಲ್ ಕೋಡ್ ಮುಟ್ಟಬೇಡಿ. ನಮ್ಮ ಸಮಯ ಜಾಗತಿಕ ಸಮಯವಾದ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ, ಅಷ್ಟೇ ವಿಷಯ. ಯಂತ್ರ ಮಲಗಿದಾಗಲೂ ಸಮಯ ಇಡುವ ಆರ್‌ಟಿಸಿ ಚಿಪ್‌ನಲ್ಲಿ ಒಬ್ಬರು ಯುಟಿಸಿ ಬರೆದಿದ್ದಾರೆ, ಇನ್ನೊಬ್ಬರು ಅದನ್ನು ನಮ್ಮ ಸಮಯ ಅಂದುಕೊಂಡು ಓದಿದ್ದಾರೆ. ವಿಂಡೋಸ್, ಲಿನಕ್ಸ್ ಎರಡೂ ಇರುವ ಕಾಲೇಜು ಲ್ಯಾಬ್ ಕಂಪ್ಯೂಟರ್‌ಗಳಲ್ಲಿ ಇದು ದಿನಾ ಕಾಣುತ್ತದೆ.

37 ಸೆಕೆಂಡ್ ವ್ಯತ್ಯಾಸ ಕಂಡರೆ ಎಲ್ಲೋ ಪರಮಾಣು ಸಮಯವಾದ ಟಿಎಐ ಗಡಿಯಾರ ನುಸುಳಿದೆ. 2017ರ ಜನವರಿಯಿಂದ ಟಿಎಐ ಯುಟಿಸಿಗಿಂತ 37 ಸೆಕೆಂಡ್ ಮುಂದಿದೆ. 18 ಸೆಕೆಂಡ್ ಆದರೆ ಜಿಪಿಎಸ್ ಸಮಯವನ್ನು, ಯುಟಿಸಿಗೆ ಆಗಾಗ ಸೇರಿಸಿದ ಲೀಪ್ ಸೆಕೆಂಡ್ ಕಳೆಯದೆ ಹಾಗೇ ತೆಗೆದುಕೊಂಡಿದ್ದಾರೆ.

ದಿನದಿಂದ ದಿನಕ್ಕೆ ಜಾರುತ್ತಿದ್ದರೆ ವೇಗ ಅಳೆಯಿರಿ. ಹತ್ತು ಲಕ್ಷಕ್ಕೆ ಒಂದು ಪಾಲು ತಪ್ಪು, ಅಂದರೆ 1 ಪಿಪಿಎಂ, ದಿನಕ್ಕೆ 86.4 ಮಿಲಿಸೆಕೆಂಡ್ ಆಗುತ್ತದೆ. ನೆಟ್‌ವರ್ಕ್‌ನಿಂದ ಸಮಯ ತಂದು ಗಡಿಯಾರ ತಿದ್ದುವ ಎನ್‌ಟಿಪಿಗೆ ಕರ್ನಲ್ ಕೊಡುವ ತಿದ್ದುಪಡಿ ಮಿತಿ 500 ಪಿಪಿಎಂ, ದಿನಕ್ಕೆ 43.2 ಸೆಕೆಂಡ್. ಅದಕ್ಕಿಂತ ಜೋರಾಗಿ ಜಾರುವ ಕೌಂಟರನ್ನು ಎನ್‌ಟಿಪಿ ಎಳೆದು ಹಿಡಿಯಲಾರದು. ನಿಮಿಷಕ್ಕೆ 5 ಸೆಕೆಂಡ್ ಮುಂದೆ ಓಡುತ್ತಿದ್ದರೆ ಅದು ಕೌಂಟರ್‌ಗೆ ಟಿಕ್ ಕೊಡುವ ಹರಳಿನ ದೋಷವೇ ಅಲ್ಲ. ಯಾರೋ 26 ಮೆಗಾಹರ್ಟ್ಜ್ ಹರಳಿಗೆ ಡಿವೈಸ್ ಟ್ರೀಯಲ್ಲಿ (ಹಾರ್ಡ್‌ವೇರ್ ವಿವರ ಬರೆಯುವ ಕಡತ) 24 ಅಂತ ಬರೆದಿದ್ದಾರೆ. ಭಾಗಿಸಿ ನೋಡಿ, ಸರಿಯಾಗಿ ಕೂರುತ್ತದೆ.

ಪಿಸಿಗಳಲ್ಲಿ 4.69 ಸೆಕೆಂಡ್‌ಗಳ ಗುಣಕದಲ್ಲಿ ಗಡಿಯಾರ ಹಿಂದೆ ಬಿದ್ದರೆ ಎಸಿಪಿಐ ಪಿಎಂ ಟೈಮರ್ ಕಡೆ ತಿರುಗಿ. ಅದು 3.579545 ಮೆಗಾಹರ್ಟ್ಜ್‌ನಲ್ಲಿ ಓಡುವ 24 ಬಿಟ್ ಕೌಂಟರ್. 4.69 ಸೆಕೆಂಡಿಗೆ ಒಂದು ಸುತ್ತು ಮುಗಿಸಿ ಸೊನ್ನೆಗೆ ಬರುತ್ತದೆ. ನಡುವೆ ಒಮ್ಮೆಯೂ ಓದದೆ ಬಿಟ್ಟರೆ ಒಂದು ಸುತ್ತು ಪೂರ್ತಿ ಕಳೆದುಹೋಯಿತು.

ಬೂಟ್ ಆಗಿ ಐದು ನಿಮಿಷಕ್ಕೆ ಸರಿಯಾಗಿ ಏನೋ ಕೆಟ್ಟರೆ ಜಿಫಿ ಹೋಲಿಕೆ ನೋಡಿ. ಜಿಫಿ, ಅಂದರೆ ಕರ್ನಲ್‌ನ ಟಿಕ್ ಎಣಿಕೆ, ಸೊನ್ನೆಯಿಂದ ಶುರುವಾಗುವುದಿಲ್ಲ. ಸುತ್ತು ಬರಲು ಐದು ನಿಮಿಷ ಬಾಕಿ ಇರುವ ಜಾಗದಿಂದ ಶುರುವಾಗುತ್ತದೆ. ಬೇಕೆಂದೇ ಹಾಗೆ ಇಟ್ಟಿದ್ದಾರೆ. ಇಲ್ಲದಿದ್ದರೆ 32 ಬಿಟ್ ಯಂತ್ರದಲ್ಲಿ ಸೆಕೆಂಡಿಗೆ 1000 ಟಿಕ್ ಇದ್ದಾಗ ಈ ದೋಷ ಹೊರಬರಲು 49.7 ದಿನ ಕಾಯಬೇಕಾಗಿತ್ತು. ಪ್ಯಾಚ್‌ನಲ್ಲಿ ಎರಡು ಜಿಫಿ ಮೌಲ್ಯಗಳನ್ನು ನೇರ ದೊಡ್ಡದು, ಚಿಕ್ಕದು ಅಂತ ಹೋಲಿಸಿದ್ದರೆ ವಾಪಸ್ ಕಳಿಸಿ. ಅದಕ್ಕೆಂದೇ ಟೈಮ್ ಆಫ್ಟರ್, ಟೈಮ್ ಬಿಫೋರ್ ಮ್ಯಾಕ್ರೊ ಇವೆ.

ಅಳೆಯುವಾಗ ಒಂದೇ ಗಡಿಯಾರ ಓದಬೇಡಿ. ರಿಯಲ್‌ಟೈಮ್ (ದಿನಾಂಕ, ಗಂಟೆ ಹೇಳುವುದು), ಮೊನೊಟಾನಿಕ್ (ಎಂದೂ ಹಿಂದಕ್ಕೆ ಹೋಗದ್ದು), ಮೊನೊಟಾನಿಕ್ ರಾ (ಎನ್‌ಟಿಪಿ ಮುಟ್ಟದ್ದು), ಬೂಟ್‌ಟೈಮ್ (ನಿದ್ದೆಯನ್ನೂ ಎಣಿಸುವುದು) ನಾಲ್ಕನ್ನೂ ಒಟ್ಟಿಗೆ ಓದಿ, ಪಕ್ಕದಲ್ಲಿ ನಂಬುವಂಥ ಹೊರಗಿನ ಸಮಯ ಬರೆದಿಡಿ. ರಾ ಗಡಿಯಾರವೇ ಹೊರಗಿನ ಸಮಯದಿಂದ ಜಾರುತ್ತಿದ್ದರೆ ತಪ್ಪು ಕೌಂಟರ್ ಅಥವಾ ಅದರ ಆವರ್ತನದಲ್ಲಿದೆ. ರಾ ಸರಿ ಇದ್ದು ಮೊನೊಟಾನಿಕ್ ಜಾರುತ್ತಿದ್ದರೆ ಎನ್‌ಟಿಪಿ ತಿದ್ದುಪಡಿ ಹಾದು ಹೋಗುವ ಕೋಡ್ ನೋಡಿ. ರಿಯಲ್‌ಟೈಮ್‌ನಿಂದ ಮೊನೊಟಾನಿಕ್ ಕಳೆದರೆ ಬರುವ ಸಂಖ್ಯೆ ಸುಮ್ನೆ ಬದಲಾಗುವಂತಿಲ್ಲ. ಯಾರಾದರೂ ಗಡಿಯಾರ ಸೆಟ್ ಮಾಡಿದಾಗ, ಲೀಪ್ ಸೆಕೆಂಡ್ ಬಂದಾಗ, ಯಂತ್ರ ಮಲಗಿ ಎದ್ದಾಗ, ಈ ಮೂರು ಸಂದರ್ಭ ಬಿಟ್ಟು ಬೇರೆ ಯಾವಾಗ ಬದಲಾದರೂ ದೋಷ ಟೈಮ್‌ಕೀಪಿಂಗ್ ಕೋಡ್‌ನ ಒಳಗೇ ಇದೆ.

ಮೋಟರ್ ಐವತ್ತೈದು ವರ್ಷ ಓಡಿದ್ದು

ಚನ್ನಗಿರಿ ಕಡೆಯ ತೋಟದಿಂದ ಒಂದು ಫೋನ್ ಬಂತು. "ಮೇಡಂ, ಮೋಟ್ರು ಐವತ್ತೈದು ವರ್ಷ ಓಡೈತಿ ಅಂತ ಬರ್ತೈತಲ್ರಿ."

ಈ ಸಂಖ್ಯೆ ಕೇಳಿದ ತಕ್ಷಣ ಜಾಗ ಗೊತ್ತಾಗುತ್ತದೆ, ಅಲ್ವಾ? ಐವತ್ತೈದು ವರ್ಷ ಅಂದರೆ 1970ರಿಂದ ಈಚೆಗೆ. ನಮ್ಮ ಬೋರ್ಡ್‌ನ ಆರ್‌ಟಿಸಿಗೆ ಬೇರೆ ಬ್ಯಾಟರಿ ಇಲ್ಲ. ಡಬ್ಬಿಯ ಬ್ಯಾಟರಿ ಪೂರ್ತಿ ಇಳಿದು ಮತ್ತೆ ಎದ್ದರೆ ಕರ್ನಲ್ ಗಡಿಯಾರ 1970ರ ಜನವರಿ 1ರಿಂದ ಶುರು. ನಮ್ಮ ಲೆಕ್ಕದಲ್ಲಿ ಅವತ್ತಿನ ಬೆಳಗ್ಗೆ 5:30. ಮೋಟರ್ ಶುರುವಾದಾಗ ಆ ಸಮಯ ಬರೆದುಕೊಂಡಿತು. ಸ್ವಲ್ಪ ಹೊತ್ತಿಗೆ ಮೊಬೈಲ್ ಸಿಗ್ನಲ್ ಸಿಕ್ಕಿ, ಎನ್‌ಟಿಪಿ ಬಂದು ಗಡಿಯಾರವನ್ನು ಇವತ್ತಿಗೆ ತಂದಿತು. ಮೋಟರ್ ನಿಂತಾಗ ಇವತ್ತಿನ ಸಮಯದಿಂದ 1970ನ್ನು ಕಳೆಯಿತು.

ಅಂದರೆ ಡ್ರೈವರ್ ಅವಧಿ ಅಳೆಯಲು ಗೋಡೆ ಗಡಿಯಾರವನ್ನು, ಅಂದರೆ ರಿಯಲ್‌ಟೈಮನ್ನು, ಬಳಸುತ್ತಿದೆ. ಸರಿಪಡಿಸಲು ಒಂದು ಪ್ಯಾಚ್ ಬಂತು. ಒಂದೇ ಸಾಲಿನ ಬದಲಾವಣೆ, ಎರಡು ಜಾಗದಲ್ಲಿ:

− ಶುರು = ಕೆಟೈಮ್_ಗೆಟ್_ರಿಯಲ್();
+ ಶುರು = ಕೆಟೈಮ್_ಗೆಟ್();

ಕೆಟೈಮ್ ಗೆಟ್ ಕೊಡುವುದು ಮೊನೊಟಾನಿಕ್ ಸಮಯ. ಗಡಿಯಾರ ಸೆಟ್ ಮಾಡಿದರೂ ಅದು ಹಾರುವುದಿಲ್ಲ, ಹಿಂದಕ್ಕೂ ಹೋಗುವುದಿಲ್ಲ. ಪ್ಯಾಚ್ ಬರೆದ ಹುಡುಗ ಮೇಜಿನ ಮೇಲೆ ಪರೀಕ್ಷೆ ಮಾಡಿದ್ದ. ಗಡಿಯಾರವನ್ನು 1970ಕ್ಕೆ ಇಟ್ಟು, ನಡುವೆ ಬದಲಾಯಿಸಿ, ಅವಧಿ ಸರಿ ಬರುವುದನ್ನು ತೋರಿಸಿದ. "ಮೇಡಂ, ಮೊನೊಟಾನಿಕ್ ಹಾಕಿದ್ರೆ ಸಾಕಲ್ವಾ?" ಅಂತ ಕೇಳಿದ.

ಡಿಫ್ ಮಾತ್ರ ನೋಡಿದರೆ ಸಾಕು ಅನ್ನಿಸುತ್ತದೆ. ಆದರೆ ಡಬ್ಬಿ ತೋಟದಲ್ಲಿ ಏನು ಮಾಡುತ್ತದೆ ಎಂದು ಕೇಳಬೇಕು. ಕರೆಂಟ್ ಬಂದ ಸುದ್ದಿ ಪಿನ್ ಮೇಲೆ ಬಂದಾಗ ಏಳುತ್ತದೆ, ಶುರು ಬರೆದುಕೊಳ್ಳುತ್ತದೆ, ಬ್ಯಾಟರಿ ಉಳಿಸಲು ಮತ್ತೆ ಮಲಗುತ್ತದೆ. ಕರೆಂಟ್ ಹೋದಾಗ ಎದ್ದು ಮುಗಿದದ್ದು ಬರೆದುಕೊಳ್ಳುತ್ತದೆ. ಮೊನೊಟಾನಿಕ್ ಗಡಿಯಾರ ಯಂತ್ರ ಮಲಗಿದ ಹೊತ್ತನ್ನು ಎಣಿಸುವುದಿಲ್ಲ. ಮೂರು ಗಂಟೆ ಓಡಿದ ಮೋಟರ್ ಒಂದೆರಡು ನಿಮಿಷ ಓಡಿತು ಅಂತ ಬರುತ್ತದೆ.

ಇದು ಮೊದಲಿನದಕ್ಕಿಂತ ಕೆಟ್ಟ ದೋಷ. ಐವತ್ತೈದು ವರ್ಷ ಅಂದರೆ ಯಾರಿಗಾದರೂ ತಪ್ಪು ಅಂತ ತಿಳಿಯುತ್ತದೆ. ಎರಡು ನಿಮಿಷ ಅಂದರೆ ಕರೆಂಟ್ ಬಂದು ತಕ್ಷಣ ಹೋಗಿರಬೇಕು ಅಂದುಕೊಂಡು ರೈತರು ನಂಬುತ್ತಾರೆ. ನೀರು ಸಾಲದು ಅಂದುಕೊಂಡು ಇನ್ನೊಂದು ಸರದಿ ಮೋಟರ್ ಹಾಕುತ್ತಾರೆ. ಬೋರ್‌ನಲ್ಲಿ ನೀರೇ ಕಡಿಮೆ ಇರುವ ನಾಡಿನಲ್ಲಿ ಇದು ಸಣ್ಣ ವಿಷಯ ಅಲ್ಲ.

ಇಲ್ಲಿ ಬೇಕಾದದ್ದು ಕೆಟೈಮ್ ಗೆಟ್ ಬೂಟ್‌ಟೈಮ್. ಅದು ಮೊನೊಟಾನಿಕ್‌ನಂತೆಯೇ, ಜೊತೆಗೆ ಮಲಗಿದ ಹೊತ್ತನ್ನೂ ಸೇರಿಸಿ ಎಣಿಸುತ್ತದೆ. ಪರಿಶೀಲಿಸುವವರು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಶುರು ಮತ್ತು ಮುಗಿದದ್ದರ ನಡುವೆ ಬೋರ್ಡ್ ರೀಬೂಟ್ ಆದರೆ? ಬೂಟ್‌ಟೈಮ್ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಆಗ ಆ ಓಟವನ್ನು ಅಪೂರ್ಣ ಎಂದು ಗುರುತು ಹಾಕಬೇಕು, ಊಹೆ ಮಾಡಿ ತುಂಬಬಾರದು.

ಎರಡು ಗಡಿಯಾರ ಯಾಕೆ, ಮೊನೊಟಾನಿಕ್‌ಗೂ ನಿದ್ದೆಯ ಹೊತ್ತು ಸೇರಿಸಿಬಿಟ್ಟರೆ ಆಗದೇ ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಕರ್ನಲ್ ಬರೆಯುವವರೇ 2018ರಲ್ಲಿ, 4.17 ಆವೃತ್ತಿ ತಯಾರಾಗುವಾಗ ಇದನ್ನು ಮಾಡಿ ನೋಡಿದರು. ಮೊನೊಟಾನಿಕ್ ನಿದ್ದೆಯಲ್ಲಿ ನಿಲ್ಲುತ್ತದೆ ಎಂದು ನಂಬಿ ಬರೆದ ಪ್ರೋಗ್ರಾಂಗಳು ಎಷ್ಟೋ ಇದ್ದವು. ಲ್ಯಾಪ್‌ಟಾಪ್ ಎದ್ದ ತಕ್ಷಣ ಅವುಗಳ ಗಡುವು ಮುಗಿದುಹೋಗುತ್ತಿತ್ತು. ಆವೃತ್ತಿ ಹೊರಬರುವ ಮೊದಲೇ ಬದಲಾವಣೆಯನ್ನು ವಾಪಸ್ ತೆಗೆದರು. ಗಡಿಯಾರದ ನಡತೆ ಎನ್ನುವುದು ಬಳಕೆದಾರರಿಗೆ ಕೊಟ್ಟ ಮಾತು. ಯಾವ ಗಡಿಯಾರಕ್ಕೆ ಕೊಟ್ಟ ಮಾತನ್ನು ಈ ಪ್ಯಾಚ್ ಮುಟ್ಟುತ್ತಿದೆ ಎನ್ನುವುದನ್ನು ವಿವರಣೆಯಲ್ಲಿ ಬರೆಯದ ಪ್ಯಾಚ್ ನನ್ನ ಕೈಯಿಂದ ದಾಟುವುದಿಲ್ಲ.

ಮಲಗಿದ ಹೊತ್ತಿನ ಲೆಕ್ಕ

ಬೂಟ್‌ಟೈಮ್ ಸರಿ ಇರಬೇಕಾದರೆ ಎಷ್ಟು ಹೊತ್ತು ಮಲಗಿದ್ದೆ ಅಂತ ಕರ್ನಲ್‌ಗೆ ಯಾರಾದರೂ ಹೇಳಬೇಕು. ಟೈಮ್‌ಕೀಪಿಂಗ್ ರೆಸ್ಯೂಮ್ ಎಂಬ ಫಂಕ್ಷನ್ ಒಂದು ಕ್ರಮದಲ್ಲಿ ಕೇಳುತ್ತಾ ಹೋಗುತ್ತದೆ. ಮೊದಲು ನಿದ್ದೆಯಲ್ಲೂ ನಿಲ್ಲದ ಕೌಂಟರ್ ಇದ್ದರೆ ಅದು. ಇಲ್ಲದಿದ್ದರೆ ಪರ್ಸಿಸ್ಟೆಂಟ್ ಗಡಿಯಾರ (ಕರ್ನಲ್ ನೇರ ಓದಬಲ್ಲ, ನಿದ್ದೆಯಲ್ಲೂ ಓಡುವ ಗಡಿಯಾರ). ಅದೂ ಇಲ್ಲದಿದ್ದರೆ ಆಮೇಲೆ ಆರ್‌ಟಿಸಿ ಕಡೆಯಿಂದ ಬರುವ ಲೆಕ್ಕ.

ಈ ಭಾಗಕ್ಕೆ ಪ್ಯಾಚ್ ಬಂದರೆ ಪರೀಕ್ಷೆ ಸುಲಭ. ಆರ್‌ಟಿಸಿ ವೇಕ್ ಕಮಾಂಡ್ ಬಳಸಿ ಬೋರ್ಡನ್ನು 60 ಸೆಕೆಂಡ್ ಮಲಗಿಸಿ, ಆಮೇಲೆ 600 ಸೆಕೆಂಡ್ ಮಲಗಿಸಿ. ಹೊರಗಿನ ಸಮಯದ ಜೊತೆ ಹೋಲಿಸಿ. ಎರಡು ಬಾರಿ ಬೇರೆ ಬೇರೆ ಉದ್ದ ಯಾಕೆಂದರೆ, ತಪ್ಪು ನಿದ್ದೆಯ ಜೊತೆ ಬೆಳೆಯುತ್ತದೋ ಇಲ್ಲವೋ ಎನ್ನುವುದೇ ಇಲ್ಲಿನ ಮುಖ್ಯ ಸುಳಿವು.

ಮಲಗಿದಷ್ಟೇ ಹೊತ್ತು ಗಡಿಯಾರ ಮುಂದೆ ಹೋಗಿದ್ದರೆ ಲೆಕ್ಕ ಎರಡು ಬಾರಿ ಸೇರಿದೆ. ಕೌಂಟರ್ ಒಮ್ಮೆ ಸೇರಿಸಿತು, ಆರ್‌ಟಿಸಿ ಇನ್ನೊಮ್ಮೆ ಸೇರಿಸಿತು. ಈಗಾಗಲೇ ಸೇರಿಸಿದ್ದಾಗಿದೆ ಎಂದು ಆರ್‌ಟಿಸಿಗೆ ಹೇಳುವ ಗುರುತನ್ನು ಪ್ಯಾಚ್ ಎಲ್ಲೋ ಬಿಟ್ಟಿದೆ. ಒಂದು ಸೆಕೆಂಡಿನ ಒಳಗೆ ಹೆಚ್ಚುಕಡಿಮೆ, ನಿದ್ದೆ ಎಷ್ಟೇ ಉದ್ದ ಇದ್ದರೂ ಅಷ್ಟೇ ಎಂದಾದರೆ ಅದು ಆರ್‌ಟಿಸಿಯ ಗುಣ. ಅದು ಸೆಕೆಂಡಿಗಿಂತ ಸಣ್ಣದನ್ನು ಹೇಳಲಾರದು.

ಮಲಗಿದಷ್ಟು ಹೊತ್ತು ಪೂರ್ತಿ ಹಿಂದೆ ಬಿದ್ದಿದ್ದರೆ ಸ್ವಲ್ಪ ಹತ್ತಿರದಿಂದ ನೋಡಬೇಕು. ನಮ್ಮ ಬೋರ್ಡ್‌ನಂಥ ಕೆಲವು ಚಿಪ್‌ಗಳಲ್ಲಿ ಆರ್ಮ್ ಕೌಂಟರ್ ಆಳ ನಿದ್ದೆಯಲ್ಲಿ ನಿಂತುಬಿಡುತ್ತದೆ. ಹಾಗಿದ್ದರೆ ಡಿವೈಸ್ ಟ್ರೀಯಲ್ಲಿ ನೋ ಟಿಕ್ ಇನ್ ಸಸ್ಪೆಂಡ್ ಎಂಬ ಗುಣವನ್ನು ಬರೆಯಬೇಕು. ಬರೆಯದಿದ್ದರೆ ಕರ್ನಲ್ ಈ ಕೌಂಟರ್ ನಿಲ್ಲುವುದಿಲ್ಲ ಎಂದೇ ನಂಬುತ್ತದೆ. ಎದ್ದ ಮೇಲೆ ಓದಿದರೆ ಎಣಿಕೆ ಕೆಲವೇ ಮೈಕ್ರೊಸೆಕೆಂಡ್ ಮುಂದೆ ಹೋಗಿರುತ್ತದೆ. ಅದು ಸೊನ್ನೆಗಿಂತ ಜಾಸ್ತಿ ಅಲ್ವಾ? ಲೆಕ್ಕ ಸಿಕ್ಕಿತು ಎಂದು ಕರ್ನಲ್ ಮುಂದೆ ಹೋಗುತ್ತದೆ, ಆರ್‌ಟಿಸಿ ಕಡೆ ನೋಡುವುದೇ ಇಲ್ಲ. ಆರ್‌ಟಿಸಿ ಪಾಪ ಸರಿಯಾದ ಉತ್ತರ ಇಟ್ಟುಕೊಂಡು ಕೂತಿರುತ್ತದೆ.

ಇಂಥಲ್ಲಿ ಕೆಲವರು ರೆಸ್ಯೂಮ್ ಫಂಕ್ಷನ್‌ಗೇ ಕೈ ಹಾಕಿ, ಸಿಕ್ಕ ಹೊತ್ತು ಒಂದು ಸೆಕೆಂಡಿಗಿಂತ ಕಡಿಮೆ ಇದ್ದರೆ ಆರ್‌ಟಿಸಿ ಕೇಳು ಎಂದು ಪ್ಯಾಚ್ ಬರೆಯುತ್ತಾರೆ. ಬೋರ್ಡ್ ಸರಿಹೋಗುತ್ತದೆ, ನಿಜ. ಆದರೆ ಅದೇ ಕೋಡ್ ಬೇರೆ ಯಂತ್ರಗಳಲ್ಲೂ ಓಡುತ್ತದೆ. ಅಲ್ಲಿ ನಿಜವಾಗಿ ಅರ್ಧ ಸೆಕೆಂಡ್ ಮಲಗಿದ ಯಂತ್ರಕ್ಕೆ ಒರಟು ಲೆಕ್ಕ ಸಿಗುತ್ತದೆ. ಹಾರ್ಡ್‌ವೇರ್ ಗುಣವನ್ನು ಹೇಳುವ ಜಾಗ ಡಿವೈಸ್ ಟ್ರೀ. ಪ್ಯಾಚ್ ಅಲ್ಲಿಗೆ ಹೋಗಬೇಕು.

ಗುಣಾಕಾರ

ಟೈಮ್‌ಕೀಪಿಂಗ್ ಕೋಡ್‌ನ ಹೃದಯ ಒಂದು ಗುಣಾಕಾರ. ಕೌಂಟರ್ ಎಷ್ಟು ಟಿಕ್ ಮುಂದೆ ಹೋಯಿತು ನೋಡು, ಮಲ್ಟ್ ಎಂಬ ಸಂಖ್ಯೆಯಿಂದ ಗುಣಿಸು, ಶಿಫ್ಟ್‌ನಷ್ಟು ಬಿಟ್ ಬಲಕ್ಕೆ ಸರಿಸು. ಬಂದದ್ದು ನ್ಯಾನೊಸೆಕೆಂಡ್. ಭಾಗಾಕಾರ ನಿಧಾನ ಎಂದು ಈ ಉಪಾಯ.

24 ಮೆಗಾಹರ್ಟ್ಜ್ ಅಂದರೆ ಒಂದು ಟಿಕ್‌ಗೆ 41.67 ನ್ಯಾನೊಸೆಕೆಂಡ್. ಕರ್ನಲ್ ಇದಕ್ಕೆ ಶಿಫ್ಟ್ 24 ಆರಿಸುತ್ತದೆ. ಮಲ್ಟ್ 699050667. ಈಗ ಯಾರೋ ಒಂದು ಸಹಾಯಕ ಫಂಕ್ಷನ್ ಬರೆಯುತ್ತಾರೆ. ಡೆಲ್ಟಾ (ಮುಂದೆ ಹೋದ ಟಿಕ್‌ಗಳು) 32 ಬಿಟ್, ಮಲ್ಟ್ 32 ಬಿಟ್, ಫಲಿತಾಂಶ ಇಡುವ ಚರ 64 ಬಿಟ್. ನೋಡಲು ಸರಿಯಾಗಿದೆ. ಆದರೆ ಸಿ ಭಾಷೆಯಲ್ಲಿ ಎರಡು 32 ಬಿಟ್ ಸಂಖ್ಯೆಗಳ ಗುಣಾಕಾರ 32 ಬಿಟ್‌ನಲ್ಲೇ ನಡೆಯುತ್ತದೆ. ಆಮೇಲೆ 64 ಬಿಟ್ ಪೆಟ್ಟಿಗೆಗೆ ಹಾಕಿದರೆ ಕಳೆದುಹೋದ ಬಿಟ್ ವಾಪಸ್ ಬರುವುದಿಲ್ಲ.

ಕೈಯಲ್ಲೇ ಲೆಕ್ಕ ಮಾಡಿ. 6 ಟಿಕ್ ಗುಣಿಸಿದರೆ 4194304002. 32 ಬಿಟ್ ಮಿತಿ 4294967296, ಅದರ ಒಳಗಿದೆ. 24 ಬಿಟ್ ಸರಿಸಿದರೆ 250 ನ್ಯಾನೊಸೆಕೆಂಡ್, ಸರಿ. 7 ಟಿಕ್ ಗುಣಿಸಿದರೆ 4893354669. ಮಿತಿ ದಾಟಿತು, ಉಳಿದದ್ದು 598387373. ಸರಿಸಿದರೆ 35. ಬರಬೇಕಾಗಿದ್ದದ್ದು 291. ಆರನೇ ಟಿಕ್‌ನಲ್ಲಿ 250 ಇದ್ದ ಗಡಿಯಾರ ಏಳನೇ ಟಿಕ್‌ನಲ್ಲಿ 35ಕ್ಕೆ ಇಳಿಯಿತು. ಪ್ರತಿ 256 ನ್ಯಾನೊಸೆಕೆಂಡಿಗೆ ಹೀಗೆ ಸುತ್ತು ಬರುತ್ತದೆ. 256 ಎಂಬ ಸಂಖ್ಯೆ ಕಂಡರೆ ಕಾಸ್ಟ್ (ಗುಣಿಸುವ ಮೊದಲೇ 64 ಬಿಟ್‌ಗೆ ಬದಲಿಸುವುದು) ಬಿಟ್ಟಿದ್ದಾರೆ ಎಂದೇ ಅರ್ಥ.

64 ಬಿಟ್‌ನಲ್ಲಿ ಗುಣಿಸಿದರೂ ಮಿತಿ ಇಲ್ಲದೆ ಇಲ್ಲ. ಶಿಫ್ಟ್ 24 ಇದ್ದಾಗ ಸುಮಾರು 1099 ಸೆಕೆಂಡಿಗೆ, ಅಂದರೆ 18 ನಿಮಿಷದ ಚಿಲ್ಲರೆಗೆ, ಗುಣಲಬ್ಧ ತುಂಬಿ ಹರಿಯುತ್ತದೆ. ಅಷ್ಟರೊಳಗೆ ಕರ್ನಲ್ ಒಮ್ಮೆ ಕೌಂಟರ್ ಓದಿ ಲೆಕ್ಕವನ್ನು ಮುಂದೆ ತಂದಿರಬೇಕು. ನಮ್ಮ ಬೋರ್ಡ್ ಬೂಟ್ ಲಾಗ್‌ನಲ್ಲಿ ಆರ್ಮ್ ಕೌಂಟರ್ ಬಗ್ಗೆ ಒಂದು ಸಾಲು ಬರುತ್ತದೆ, ಮ್ಯಾಕ್ಸ್ ಐಡಲ್ 440795202592 ನ್ಯಾನೊಸೆಕೆಂಡ್ ಅಂತ. ಏಳು ನಿಮಿಷ ಚಿಲ್ಲರೆ. ಎನ್‌ಟಿಪಿ ಮಲ್ಟ್ ಸಂಖ್ಯೆಯನ್ನು ಮೇಲೆ ಕೆಳಗೆ ಮಾಡುತ್ತದೆ ಎಂದು ಎರಡೂ ಕಡೆಗೆ ಶೇಕಡಾ 11 ಬಿಟ್ಟು, ಉಳಿದದ್ದರಲ್ಲಿ ಅರ್ಧ ಮಾಡಿ ಇಟ್ಟ ಮಿತಿ ಅದು. ಕೆಲಸವಿಲ್ಲದಾಗ ಟಿಕ್ ನಿಲ್ಲಿಸಿ ಕೂರುವ ಕರ್ನಲ್ ಇದಕ್ಕಿಂತ ಜಾಸ್ತಿ ಹೊತ್ತು ಕೂರುವಂತಿಲ್ಲ. ಬ್ಯಾಟರಿ ಉಳಿಯುತ್ತದೆ ಎಂದು ಈ ಮಿತಿ ಏರಿಸುವ ಪ್ಯಾಚ್ ಬಂದರೆ ಅರ್ಧ ಯಾಕೆ ಮಾಡಿದ್ದಾರೆ ಎಂದು ಬರೆದವರಿಗೆ ಗೊತ್ತಿದೆಯೇ ಕೇಳಿ. ಹೊಸ ಕರ್ನಲ್‌ಗಳಲ್ಲಿ ಡೆಲ್ಟಾ ಮಿತಿ ದಾಟಿದರೆ ನಿಧಾನವಾದರೂ ಸುರಕ್ಷಿತವಾದ ಗುಣಾಕಾರ ಇದೆ. ಹಳೆಯ ಕರ್ನಲ್ ಆವೃತ್ತಿಯ ಮೇಲೆ ಕೂತಿರುವ ಬೋರ್ಡ್‌ಗಳಲ್ಲಿ ಇಲ್ಲ.

ಉಳಿಕೆ ಬಿಟ್‌ಗಳ ಬಗ್ಗೆ ಒಂದು ಮಾತು. ಕರ್ನಲ್ ತನ್ನ ನ್ಯಾನೊಸೆಕೆಂಡ್ ಲೆಕ್ಕವನ್ನು ಸರಿಸದ ರೂಪದಲ್ಲೇ ಇಟ್ಟುಕೊಳ್ಳುತ್ತದೆ, ಚೂರು ಪಾರು ಕಳೆಯಬಾರದು ಎಂದು. ಕೋಡ್ ಚೊಕ್ಕ ಮಾಡುವ ಹೆಸರಿನಲ್ಲಿ ಅದನ್ನು ಸರಿಸಿ ಇಟ್ಟರೆ ಪ್ರತಿ ಸಲ ಸರಾಸರಿ ಅರ್ಧ ನ್ಯಾನೊಸೆಕೆಂಡ್ ಬಿದ್ದುಹೋಗುತ್ತದೆ. ಸೆಕೆಂಡಿಗೆ 250 ಸಲ ಆದರೆ ದಿನಕ್ಕೆ ಸುಮಾರು 11 ಮಿಲಿಸೆಕೆಂಡ್, ಯಾವಾಗಲೂ ಹಿಂದಕ್ಕೇ.

ಮಲ್ಟ್ ಬದಲಾಯಿಸುವ ಜಾಗವೂ ಅಷ್ಟೇ ಸೂಕ್ಷ್ಮ. ಕೊನೆಯ ಸಲ ಓದಿದ ಮೇಲೆ ಕೌಂಟರ್ ಸ್ವಲ್ಪ ಮುಂದೆ ಹೋಗಿರುತ್ತದೆ. ಆ ಟಿಕ್‌ಗಳನ್ನು ಹಳೆಯ ಮಲ್ಟ್‌ನಿಂದ ಗುಣಿಸಿ ಯಾರೋ ಆಗಲೇ ಸಮಯ ಓದಿದ್ದಾರೆ. ಹೊಸ ಮಲ್ಟ್‌ನಿಂದ ಗುಣಿಸಿದರೆ ಬೇರೆ ಉತ್ತರ. ಅದಕ್ಕೇ ಮಲ್ಟ್ ಒಂದು ಹೆಚ್ಚಾದರೆ ನ್ಯಾನೊಸೆಕೆಂಡ್ ಲೆಕ್ಕದಿಂದ ಆ ಟಿಕ್‌ಗಳಷ್ಟು ಕಳೆಯುತ್ತಾರೆ. ಈ ಕಳೆಯುವ ಸಾಲಿನ ಚಿಹ್ನೆ ಪ್ಲಸ್ ಆದರೆ ಗಡಿಯಾರ ಪ್ರತಿ ತಿದ್ದುಪಡಿಗೂ ಸಣ್ಣಗೆ ಎಗರುತ್ತದೆ. ಚಿಹ್ನೆ ಸರಿ ಇದ್ದರೂ ಒಂದು ಮೂಲೆ ಉಳಿದಿತ್ತು. ಒರಟು ಸಮಯ ಬೇಗ ಕೊಡುವ ಕೋರ್ಸ್ ಗಡಿಯಾರ ಕೌಂಟರ್ ಓದದೆ ಇಟ್ಟ ನ್ಯಾನೊಸೆಕೆಂಡ್ ಲೆಕ್ಕವನ್ನೇ ನೇರ ಕೊಡುತ್ತದೆ. ಕಳೆದ ಗಳಿಗೆಯಲ್ಲಿ ಅದು ಹಿಂದಕ್ಕೆ ಹೋದಂತೆ ಕಾಣುತ್ತಿತ್ತು. 2025ರಲ್ಲಿ ಕರ್ನಲ್‌ನಲ್ಲಿ ಅದಕ್ಕೇ ಬೇರೆ ಲೆಕ್ಕ ಇಟ್ಟು ಸರಿಪಡಿಸಿದರು. ಕೇವಲ ಕಳೆಯುವ ಒಂದು ಸಾಲು, ಆದರೆ ಅದನ್ನು ಓದುವವರು ಎಷ್ಟು ಜನ ಎಂದು ಹುಡುಕಿದರೆ ಮಾತ್ರ ಈ ದೋಷ ಕಾಣುತ್ತದೆ.

ಬೀಗ ಮತ್ತು ಲೀಪ್ ಸೆಕೆಂಡ್

ಸಮಯ ಓದುವವರು ಬೀಗ (ಲಾಕ್, ಬೇರೆ ಕೋಡನ್ನು ತಡೆದು ನಿಲ್ಲಿಸುವುದು) ಹಾಕುವುದಿಲ್ಲ. ಒಂದು ಕ್ರಮಸಂಖ್ಯೆ ನೋಡಿ, ಮೌಲ್ಯಗಳನ್ನು ಓದಿ, ಸಂಖ್ಯೆ ಬದಲಾಗಿದ್ದರೆ ಮತ್ತೆ ಓದುತ್ತಾರೆ. ಈ ಸುತ್ತಿನ ಹೊರಗೆ ಒಂದು ಮೌಲ್ಯ ಓದಿದರೂ ತಪ್ಪು. ಪೆಟ್ರೋಲ್ ಬಂಕ್‌ನಲ್ಲಿ ಮೀಟರ್ ಓಡುತ್ತಿರುವಾಗ ಲೀಟರ್ ಒಂದು ಗಳಿಗೆಯದು, ರೂಪಾಯಿ ಇನ್ನೊಂದು ಗಳಿಗೆಯದು ಬರೆದುಕೊಂಡಂತೆ ಆಗುತ್ತದೆ. ಹಳೆಯ ಮಲ್ಟ್, ಹೊಸ ಕೌಂಟರ್ ಮೌಲ್ಯ ಸೇರಿದರೆ ಬರುವ ತಪ್ಪು ಮೈಕ್ರೊಸೆಕೆಂಡ್ ಮಟ್ಟದ್ದು, ಯಾವಾಗಲೋ ಒಮ್ಮೆ. ಹೀಗೆ ಅಪರೂಪಕ್ಕೆ, ಸಣ್ಣದಾಗಿ, ಹಿಂದಕ್ಕೆ ಹೋಗುವ ಗಡಿಯಾರ ಕಂಡರೆ ಈ ಸುತ್ತನ್ನು ನೋಡಿ.

ಬರೆಯುವವರ ಕಡೆ ಇನ್ನೂ ಗಂಭೀರ. ಕ್ರಮಸಂಖ್ಯೆ ಬದಲಾಗುತ್ತಿರುವ ನಡುವೆ ಅದೇ ಸಿಪಿಯುನಲ್ಲಿ ಯಾರಾದರೂ ಸಮಯ ಕೇಳಿದರೆ ಅವರು ಮುಗಿಯದ ಸುತ್ತಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ಯಂತ್ರ ನಿಂತುಹೋಗುತ್ತದೆ. 2008ರ ಕೊನೆಯಲ್ಲಿ ಬಂದ ಲೀಪ್ ಸೆಕೆಂಡ್‌ನಲ್ಲಿ ಇದೇ ಆಯಿತು. ಬೀಗ ಹಿಡಿದುಕೊಂಡೇ, ಕರ್ನಲ್ ಲಾಗ್‌ಗೆ ಬರೆಯುವ ಒಂದು ಪ್ರಿಂಟ್ಕೆ ಸಾಲು ಲೀಪ್ ಸೆಕೆಂಡ್ ಸೇರಿಸುತ್ತಿದ್ದೇನೆ ಎಂದು ಬರೆಯಲು ಹೋಯಿತು. ಪ್ರಿಂಟ್ಕೆ ಲಾಗ್ ಪ್ರೋಗ್ರಾಂ ಎಬ್ಬಿಸಿತು, ಯಾವ ಪ್ರೋಗ್ರಾಂ ಓಡಬೇಕು ಎಂದು ಆರಿಸುವ ಷೆಡ್ಯೂಲರ್ ಸಮಯ ಕೇಳಿತು, ಅಲ್ಲಿಗೆ ಮುಗಿಯಿತು. ನಮ್ಮ ಲೆಕ್ಕದಲ್ಲಿ 2009ರ ಜನವರಿ 1, ಬೆಳಗ್ಗೆ ಐದೂವರೆ. ಡೀಬಗ್ ಮಾಡಲು ಹಾಕಿದ ಒಂದು ಪ್ರಿಂಟ್ಕೆ ಸಾಲು ಪ್ಯಾಚ್‌ನಲ್ಲಿ ಉಳಿದುಹೋಗಿದ್ದರೆ ಅದು ಯಾವ ಬೀಗದ ಒಳಗಿದೆ ನೋಡದೆ ಬಿಡಬೇಡಿ.

2012ರ ಜೂನ್ 30ರ ಲೀಪ್ ಸೆಕೆಂಡ್‌ನಲ್ಲಿ ಬೇರೆ ಕಥೆ. ಗಡಿಯಾರ ಒಂದು ಸೆಕೆಂಡ್ ಹಿಂದಕ್ಕೆ ಬಂತು, ಆದರೆ ಹೈ ರೆಸಲ್ಯೂಷನ್ ಟೈಮರ್‌ಗಳಿಗೆ ಯಾರೂ ಹೇಳಲಿಲ್ಲ. ಅವು ಒಂದು ಸೆಕೆಂಡ್ ಮುಂದೆಯೇ ಉಳಿದವು. ಒಂದು ಸೆಕೆಂಡಿಗಿಂತ ಕಡಿಮೆ ಕಾಯಬೇಕಿದ್ದ ಪ್ರೋಗ್ರಾಂಗಳು ಕಾಯದೆ ತಕ್ಷಣ ವಾಪಸ್ ಬರತೊಡಗಿದವು, ಮತ್ತೆ ಕಾಯಲು ಹೋದವು, ಸಿಪಿಯು ನೂರಕ್ಕೆ ನೂರು ಏರಿತು. ಡೇಟ್ ಕಮಾಂಡ್‌ನಿಂದ ಅದೇ ಸಮಯವನ್ನು ಮತ್ತೊಮ್ಮೆ ಸೆಟ್ ಮಾಡಿದರೆ ಸರಿಹೋಗುತ್ತಿತ್ತು, ಯಾಕೆಂದರೆ ಸೆಟ್ ಮಾಡುವ ದಾರಿಯಲ್ಲಿ ಕ್ಲಾಕ್ ವಾಸ್ ಸೆಟ್ ಎಂಬ ಕರೆ ಇತ್ತು. ಗೋಡೆ ಗಡಿಯಾರವನ್ನು ಹಾರಿಸುವ ಯಾವುದೇ ಹೊಸ ದಾರಿಯನ್ನು ಪ್ಯಾಚ್ ತೆರೆದರೆ ಆ ಕರೆ ಅಲ್ಲಿದೆಯೇ, ಪ್ರೋಗ್ರಾಂಗಳು ನೇರ ಸಮಯ ಓದುವ ವಿಡಿಎಸ್ಒ ಪುಟಕ್ಕೂ ಹೊಸ ಮೌಲ್ಯ ಹೋಗುತ್ತಿದೆಯೇ ನೋಡಿ. ವಿಡಿಎಸ್ಒ ಮರೆತರೆ ಕರ್ನಲ್ ಒಳಗೆ ಒಂದು ಸಮಯ, ಪ್ರೋಗ್ರಾಂಗಳಿಗೆ ಇನ್ನೊಂದು ಸಮಯ ಕಾಣುತ್ತದೆ.

ಸೆಕೆಂಡನ್ನು 32 ಬಿಟ್‌ನಲ್ಲಿ ಇಡುವ ಪ್ಯಾಚ್ ಈಗಲೂ ಬರುತ್ತದೆ. 2038ರ ಜನವರಿ 19, ನಮ್ಮ ಸಮಯ ಬೆಳಗ್ಗೆ 8:44:07 ಆದ ಮೇಲೆ ಅದು ಋಣ ಸಂಖ್ಯೆ ಆಗುತ್ತದೆ. ತೋಟದ ಗೋಡೆಗೆ ಹಾಕಿದ ಡಬ್ಬಿ ಅಲ್ಲಿಯವರೆಗೂ ಇರಬಹುದು. ಸೆಕೆಂಡನ್ನು 64 ಬಿಟ್‌ನಲ್ಲಿ ಇಡುವ ಟೈಮ್‌ಸ್ಪೆಕ್ 64 ಹೊರತು ಬೇರೆ ಒಪ್ಪಬೇಡಿ.

ಪರೀಕ್ಷೆ ಮತ್ತು ಉತ್ತರ

ಕರ್ನಲ್‌ನ ಮೂಲ ಕೋಡ್ ಒಳಗೇ ಟೈಮರ್ಸ್ ಎಂಬ ಸೆಲ್ಫ್‌ಟೆಸ್ಟ್ ಫೋಲ್ಡರ್ ಇದೆ. ಇನ್‌ಕನ್ಸಿಸ್ಟೆನ್ಸಿ ಚೆಕ್ ಗಡಿಯಾರ ಹಿಂದಕ್ಕೆ ಹೋಗುತ್ತದೆಯೇ ನೋಡುತ್ತದೆ. ರಾ ಸ್ಕ್ಯೂ ಎರಡು ಗಡಿಯಾರಗಳ ವೇಗ ಹೋಲಿಸುತ್ತದೆ. ಕ್ಲಾಕ್‌ಸೋರ್ಸ್ ಸ್ವಿಚ್ ಕೌಂಟರ್‌ಗಳ ನಡುವೆ ಬದಲಾಯಿಸುತ್ತಾ ಇರುತ್ತದೆ. ಲೀಪ್ ಎ ಡೇ ಪ್ರತಿ ದಿನ ಲೀಪ್ ಸೆಕೆಂಡ್ ಬಂದಂತೆ ಮಾಡುತ್ತದೆ, ಸೆಟ್ 2038 ಆ ದಿನಕ್ಕೇ ಗಡಿಯಾರ ಒಯ್ಯುತ್ತದೆ. ಪ್ಯಾಚ್ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ಓಡಿಸಿ. ಕೊನೆಯ ಎರಡನ್ನು ತೋಟದಲ್ಲಿರುವ ಡಬ್ಬಿಯಲ್ಲಿ ಓಡಿಸಬಾರದು, ಗಡಿಯಾರವನ್ನೇ ಬದಲಾಯಿಸುತ್ತವೆ. ಕಂಪ್ಯೂಟರ್‌ನೊಳಗೇ ನಕಲಿ ಯಂತ್ರ ಓಡಿಸುವ ಕ್ಯೂಎಂಯು ಒಳಗೆ ಓಡಿಸಿ. ಆದರೆ ನಿದ್ದೆಯ ಪರೀಕ್ಷೆಗೆ ಕ್ಯೂಎಂಯು ನಂಬಬೇಡಿ, ನಿಜವಾದ ಬೋರ್ಡ್ ಬೇಕು.

ಉತ್ತರ ಬರೆಯುವಾಗ ಇದು ಸರಿ ಕಾಣುತ್ತಿಲ್ಲ ಎಂದಷ್ಟೇ ಬರೆಯಬೇಡಿ, ಸಂಖ್ಯೆ ಬರೆಯಿರಿ. ಮೋಟರ್ ಪ್ಯಾಚ್‌ಗೆ ನಾನು ಕಳಿಸಿದ ಉತ್ತರ ಹೀಗಿತ್ತು: "ಶುರು ಮತ್ತು ಮುಗಿದದ್ದರ ನಡುವೆ ಬೋರ್ಡನ್ನು 600 ಸೆಕೆಂಡ್ ಮಲಗಿಸಿ ನೋಡು. ಮೊನೊಟಾನಿಕ್ ಎಷ್ಟು ಹೇಳುತ್ತದೆ, ಬೂಟ್‌ಟೈಮ್ ಎಷ್ಟು ಹೇಳುತ್ತದೆ ಬರೆ. ರೀಬೂಟ್ ಆದರೆ ಆ ಓಟವನ್ನು ಏನು ಮಾಡುತ್ತೀಯ ಅದನ್ನೂ ಬರೆ." ಮುಂದಿನ ಪ್ಯಾಚ್‌ನಲ್ಲಿ ಬೂಟ್‌ಟೈಮ್ ಇತ್ತು, ಅಪೂರ್ಣ ಎಂಬ ಗುರುತು ಇತ್ತು, ವಿವರಣೆಯಲ್ಲಿ ಎರಡೂ ಗಡಿಯಾರಗಳ ಸಂಖ್ಯೆ ಇತ್ತು. ಬೂಟ್‌ಟೈಮ್ ಕೂಡ 600 ತೋರಿಸದೆ ಹಿಂದೆ ಬಿದ್ದಿದ್ದರಿಂದಲೇ ಡಿವೈಸ್ ಟ್ರೀಯಲ್ಲಿ ನೋ ಟಿಕ್ ಇನ್ ಸಸ್ಪೆಂಡ್ ಇಲ್ಲದ್ದು ನಮಗೆ ಗೊತ್ತಾಯಿತು. ಅದು ಎರಡನೇ ಪ್ಯಾಚ್ ಆಗಿ ಪ್ರತ್ಯೇಕ ಹೋಯಿತು.